ಕುದುರೆಯ ಜಾತಿಗಳೂ ಅವುಗಳ ಉಪಯೋಗಗಳೂ

ಕುದುರೆಯನ್ನು ಕೊಳ್ಳಲು ಹೊರಡುವ ಗೃಹಸ್ಥನು ಮೊದಲು ನೋಡುವುದು ಬಣ್ಣವನ್ನು, ಅನಂತರ ಸುಳಿಯನ್ನು, ಆಮೇಲೆ ಬೆಲೆಯನ್ನು. ಆ ಕುದುರೆಯು ಯಾವ ಜಾತಿಯದು, ಆ ಜಾತಿಯು ಯಾವ ಸೀಮೆಯಲ್ಲಿ ಯಾವ ಕೆಲಸಕ್ಕಾಗಿ ಬೆಳೆದು ಬಂದುದು, ತನ್ನ ಮನೆಯಲ್ಲಿ ಅದಕ್ಕೆ ಅಂತಹ ಕೆಲಸವೂ ಅಂತಹ ಮೇವೂ ದೊರೆಯುವುವೇ ಎಂಬ ವಿಚಾರವು ಸಾಮಾನ್ಯವಾಗಿ ಹಣವನ್ನೆಣಿಸಿ ಹಗ್ಗವನ್ನು ಕೈಗೆ ತೆಗೆದುಕೊಂಡ ಮೇಲೆ ಹುಟ್ಟುವುದು. ಎತ್ತನ್ನು ಕೊಳ್ಳುವಾಗ ಇದೇ ಗೃಹಸ್ಥನು ಹೀಗೆ ಮಾಡುವವನಲ್ಲ. ಹಳ್ಳಿಕಾರನ್ನು ಯಾವುದಕ್ಕೆ ಕಟ್ಟಬೇಕು, ಕೃಷ್ಣಾತೀರದ ಎತ್ತನ್ನು ಯಾವುದಕ್ಕೆ ಕಟ್ಟಬೇಕು ಎಂಬುದನ್ನು ಅವನಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಕುದುರೆಯ ವಿಷಯದಲ್ಲಿಯೂ ಅದೇ ವಿವೇಕವನ್ನು ಉಪಯೋಗಿಸುವವರಿಗೆ ಅನುಕೂಲವಾಗಲೆಂದು ಮುಖ್ಯ ಜಾತಿಗಳ ಗುಣಗಳನ್ನೂ ಪೂರ್ವದಿಂದ ನಡೆದುಬಂದ ಅವುಗಳ ಉಪಯೋಗಗಳನ್ನೂ ಇಲ್ಲಿ ವಿವರಿಸಿದೆ.

ಲೋಕದ ಕುದುರೆಗಳನ್ನೆಲ್ಲ ಸ್ಥೂಲವಾಗಿ ಮೂರು ಬಗೆಯಾಗಿ ವಿಂಗಡಿಸಬಹುದು: ಸವಾರಿಗೂ ಓಟಕ್ಕೂ ಒದಗುವ ಹಗುರವಾದ ಮೈಯ ಕುದುರೆಗಳು, ಭಾರವನ್ನೆಳೆಯುವ ದಪ್ಪ ಮೈಯ ಕುದುರೆಗಳು, ಹೊರೆಯನ್ನು ಹೊರುವ ಗಿಡ್ಡ ತಟ್ಟುಗಳು. ಎತ್ತರವನ್ನು ಕುತ್ತಿಗೆಯು ಬೆನ್ನಿಗೆ ಸೇರುವ ಉಬ್ಬಿನಿಂದ ನೆಲದವರೆಗೆ ಅಳೆಯುವರು. ತಲೆಯನ್ನು ಎತ್ತಿ ನಿಲ್ಲಿಸಿ ತೋರಿಸುವ ವ್ಯಾಪಾರಿಯ ಎತ್ತರಕ್ಕೂ ಈ ಅಳತೆಗೂ ಬಹಳ ಅಂತರವುಂಟು.

ಹಡಗಿನಲ್ಲಿ ಬಂದ ಕುದುರೆಗಳು

ದಕ್ಷಿಣ ದೇಶದ ರಾಜರು ಕುದುರೆಗಾಗಿ ಅನೇಕ ಶತಮಾನಗಳ ಕಾಲ ಹೊರದೇಶಗಳಿಗೆ ಹಣವನ್ನು ಸುರಿದರು. ಹದಿಮೂರನೆಯ ಶತಮಾನದ ಕೊನೆಯಲ್ಲಿ ಪಾಂಡ್ಯದೇಶವನ್ನು ಕಂಡ ಮಾರ್ಕೊ ಪೋಲೋ ಎಂಬ ವೆನಿಸ್ ನಗರದ ವರ್ತಕನು, ಅಲ್ಲಿನ ಅರಸರು ವರ್ಷವರ್ಷವೂ ಸಾವಿರಾರು ಕುದುರೆಗಳನ್ನು ಕೊಳ್ಳುತ್ತಿದ್ದರೆಂದೂ, ಸರಿಯಾದ ಉಪಚಾರವಿಲ್ಲದೆ ವರ್ಷದೊಳಗೆ ಅವುಗಳಲ್ಲಿ ಬಹುಭಾಗವು ಸಾಯುತ್ತಿದ್ದುವೆಂದೂ, ಅವುಗಳಿಗೆ ಅನ್ನವನ್ನೂ ಬೇಯಿಸಿದ ಮಾಂಸವನ್ನೂ ತಿನ್ನಿಸುತ್ತಿದ್ದರೆಂದೂ ಬರೆದಿದ್ದಾನೆ. ಕುದುರೆಗಳು ಬದುಕಿಬಿಟ್ಟರೆ ವ್ಯಾಪಾರವು ಕೆಡುವುದೆಂದು ಲಾಳ ಕಟ್ಟುವವರನ್ನು ಈ ದೇಶಕ್ಕೆ ಬರಲು ಕುದುರೆಯ ವರ್ತಕರು ಬಿಡುತ್ತಿರಲಿಲ್ಲವೆಂದೂ ಅವನು ಹೇಳುವನು. ವಿಜಯನಗರದ ಕಾಲದಲ್ಲಿಯೂ ಈ ವ್ಯಾಪಾರವು ನಿಲ್ಲಲಿಲ್ಲ. ಸಾಳುವ ನರಸಿಂಹನು ಸಾವಿರ ಪರ್ದಾವೊ ನಾಣ್ಯಗಳಿಗೆ ಮೂರು ಕುದುರೆಗಳಂತೆ ಕೊಳ್ಳುತ್ತಿದ್ದನೆಂದೂ, ಸಮುದ್ರದ ಮೇಲೆ ಸತ್ತ ಕುದುರೆಯ ಬಾಲವನ್ನು ತಂದು ತೋರಿಸಿದರೂ ಬದುಕಿರುವ ಕುದುರೆಗೆಂಬಂತೆ ಅದರ ಕ್ರಯವನ್ನು ಕೊಡುತ್ತಿದ್ದನೆಂದೂ ಪೋರ್ಚುಗೀಸಿನ ನೂನಿಜ್ ಎಂಬುವನು ಬರೆದಿಟ್ಟಿರುವನು. ಮುಂದಿನ ಅರಸರು ವರ್ಷಕ್ಕೆ 13,000 ಕುದುರೆಗಳನ್ನು ತರಿಸುತ್ತಿದ್ದರೆಂಬುದೂ ಅವನದೇ ಲೆಕ್ಕ. ಇವುಗಳಲ್ಲಿ ಉತ್ತಮವಾದುವು ಹೊರ್ಮುಜ್ ಕಡೆಯಿಂದ ಭಟ್ಕಳ, ಗೋವೆ ಮೊದಲಾದ ರೇವುಗಳಿಗೆ ಇಳಿದು ಘಟ್ಟವನ್ನು ಹತ್ತಿ ಬರುತ್ತಿದ್ದುವು. ಹಂಪೆಯ ಹಜಾರರಾಮ ದೇವಾಲಯದ ಪ್ರಾಕಾರದ ಹೊರಗೋಡೆಯಲ್ಲಿ ಸಾಲುಸಾಲಾಗಿ ಕೆತ್ತಿರುವ ಕುದುರೆಗಳನ್ನು ಇಂದಿಗೂ ನೋಡಬಹುದು.

ಇದನ್ನು ಕೇಳಿದವರು ಈ ನಾಡಿನ ನೆಲವೇ ಕುದುರೆಗೆ ಆಗದೆಂದು ತೀರ್ಮಾನಿಸುವುದುಂಟು. ಅದು ಅರ್ಧ ಮಾತ್ರ ನಿಜ. ಕುದುರೆಯು ಒಣ ಹವೆಯ, ಗಟ್ಟಿ ನೆಲದ, ಸಣ್ಣ ಹುಲ್ಲಿನ ಬಯಲಿನ ಪ್ರಾಣಿ. ಮಲೆನಾಡಿನ ಮಳೆಯಲ್ಲಿಯೂ ಗದ್ದೆಬಯಲಿನ ಕೆಸರಿನಲ್ಲಿಯೂ ಅದರ ಗೊರಸು ಮೆದುವಾಗಿ ಕೊಳೆಯುವುದು. ಕಚ್ಚುವ ನೊಣಗಳು ರೋಗವನ್ನು ತರುವುವು. ಬತ್ತದ ಹುಲ್ಲಿನಲ್ಲಿ ಅದಕ್ಕೆ ಬೇಕಾದ ಸತ್ವವಿಲ್ಲ. ಆದರೆ ಅರಸರ ಲಾಯಗಳಲ್ಲಿ ಕುದುರೆಗಳು ಸತ್ತುದಕ್ಕೆ ನೆಲಕ್ಕಿಂತಲೂ ಅನ್ನಮಾಂಸಗಳೇ ಹೆಚ್ಚು ಕಾರಣವಾಗಿರಬೇಕು. ಬಯಲುಸೀಮೆಯ ಒಣ ಪ್ರದೇಶಗಳಲ್ಲಿ ಹುಲ್ಲನ್ನೂ ಹುರುಳಿಯನ್ನೂ ಕೊಟ್ಟು ಸಾಕಿದ ಕಡೆ ಕುದುರೆಯು ಚೆನ್ನಾಗಿಯೇ ಬಾಳಿತು. ತುಮಕೂರು ಜಿಲ್ಲೆಯ ಕುಣಿಗಲ್ಲಿನ ಅಶ್ವಶಾಲೆಯು ಟಿಪ್ಪೂ ಸುಲ್ತಾನನ ಕಾಲದಿಂದ ಬಂದುದಾಗಿ, ಮೊದಲು ದಂಡಿನ ಕುದುರೆಗಳಿಗೂ ಆಮೇಲೆ ಓಟದ ಕುದುರೆಗಳಿಗೂ ಹೆಸರಾಯಿತು.

ಇನ್ನೊಂದು ಸಂಗತಿಯನ್ನೂ ಇಲ್ಲಿ ಗಮನಿಸಬೇಕು. ಮೈಸೂರಿನ ದಂಡು ಸವಾರಿಗೆ ಕುದುರೆಯನ್ನಿಟ್ಟುಕೊಂಡರೂ ಫಿರಂಗಿಗಳನ್ನೂ ಸಾಮಾನುಗಳನ್ನೂ ಎಳೆಯಲು ಎತ್ತನ್ನೇ ನಂಬಿತ್ತು. ಚಿಕ್ಕದೇವರಾಜ ಒಡೆಯರ ಬೆಣ್ಣೆ ಚಾವಡಿಯು ಟಿಪ್ಪುವಿನ ಕಾಲದಲ್ಲಿ ಅಮೃತಮಹಲ್ ಎಂಬ ಹೆಸರನ್ನು ಪಡೆದುದು ಈ ಕೆಲಸದ ಮೂಲಕವೇ. ವೇಗವಾಗಿ ನಡೆಯುವ ಎತ್ತು ಮನೆಯಲ್ಲಿಯೇ ಇದ್ದುದರಿಂದ ಈ ಸೀಮೆಯ ರೈತನಿಗೆ ಕುದುರೆಯ ಅವಶ್ಯಕತೆಯೇ ಬೀಳಲಿಲ್ಲ.

ಅರಬ್ಬಿ, ಥರೊಬ್ರೆಡ್, ವೇಲರ್

ಸವಾರಿ ಕುದುರೆಗಳಲ್ಲಿ ಅರಬ್ಬಿಯದು ಬಹು ಹಳೆಯ ಮನೆತನ. ಎತ್ತರವು 57ರಿಂದ 61 ಅಂಗುಲಗಳವರೆಗೆ. ತಲೆ ಚಿಕ್ಕದು, ಮುಖದ ನಡುವೆ ಸ್ವಲ್ಪ ತಗ್ಗು, ಮೂಗಿನ ಹೊಳ್ಳೆ ಅಗಲ, ಬಾಲವನ್ನು ಎತ್ತಿ ಹಿಡಿಯುವ ಸ್ವಭಾವ. ಮರಳುನಾಡಿನಲ್ಲಿ ಅಲ್ಪ ಮೇವಿನಿಂದ ದೂರದ ಪಯಣವನ್ನು ಮಾಡಿ ಬೆಳೆದ ಜಾತಿಯಾದುದರಿಂದ ಗಟ್ಟಿಮುಟ್ಟಿಗೂ ಉಸಿರಿಗೂ ಇದಕ್ಕೆ ಸಮಾನವಾದುದು ಕಡಮೆ. ಹದಿನೇಳನೆಯ ಶತಮಾನದ ಕೊನೆಯಿಂದ ಹದಿನೆಂಟನೆಯ ಶತಮಾನದ ಮೊದಲ ಭಾಗದವರೆಗೆ ಇಂಗ್ಲೆಂಡಿಗೆ ತಂದ ಇಂತಹ ಪೂರ್ವದೇಶದ ಮೂರು ಬೀಜದ ಕುದುರೆಗಳಿಂದ ಅಲ್ಲಿನ ಹೆಣ್ಣುಕುದುರೆಗಳಲ್ಲಿ ಹುಟ್ಟಿದ ಸಂತತಿಯೇ ಥರೊಬ್ರೆಡ್ ಎಂಬ ಓಟದ ಕುದುರೆ. ಇಂದು ಬೆಂಗಳೂರು, ಮೈಸೂರುಗಳ ಓಟದ ಮೈದಾನಗಳಲ್ಲಿ ಓಡುವುದು ಇದೇ. ಎತ್ತರವು 64 ಅಂಗುಲಗಳಷ್ಟು, ತೂಕವು 450ರಿಂದ 500 ಕಿಲೋಗ್ರಾಮ್. ಒಂದೆರಡು ಮೈಲಿಯನ್ನು ಗಾಳಿಯಂತೆ ಓಡುವುದಕ್ಕಾಗಿಯೇ ಆರಿಸಿ ಆರಿಸಿ ಬೆಳೆಸಿದ ಪ್ರಾಣಿ. ಇದರ ಚರ್ಮ ತೆಳುವು, ಮನಸ್ಸು ಬೆದರುವಂತಹುದು, ಮೇವಿನ ಖರ್ಚು ದೊಡ್ಡದು. ಈ ವಿಷಯವು ಮುಂದೆ ಮತ್ತೆ ಬರುವುದು.

ಆಸ್ಟ್ರೇಲಿಯದ ನ್ಯೂ ಸೌತ್ ವೇಲ್ಸ್ ಪ್ರಾಂತದಿಂದ ಬಂದುದರಿಂದ ವೇಲರ್ ಎಂಬ ಹೆಸರನ್ನು ಪಡೆದ ಕುದುರೆಯು ಹತ್ತೊಂಬತ್ತನೆಯ ಶತಮಾನದಲ್ಲಿಯೂ ಇಪ್ಪತ್ತನೆಯ ಶತಮಾನದ ಮೊದಲ ದಶಕಗಳಲ್ಲಿಯೂ ಇಂಡಿಯದ ಕುದುರೆದಂಡಿಗೂ ತೋಪುಗಾಡಿಗೂ ಬಹಳವಾಗಿ ಬಂದಿತು. ದಂಡಿಗೆ ಮೋಟಾರು ಬಂದೊಡನೆ ಇದರ ಕಾಲವೂ ಮುಗಿಯಿತು. 1918ನೆಯ ಇಸವಿ ಸೆಪ್ಟೆಂಬರ್ 23ರಂದು ಹೈಫಾ ಪಟ್ಟಣವನ್ನು ಹಿಡಿದಾಗ ಜೋಧಪುರದ ಸವಾರರೊಡನೆ ಮೈಸೂರಿನ ಲ್ಯಾನ್ಸರ್ ಪಡೆಯೂ ಇದ್ದಿತೆಂಬುದನ್ನು ಈ ಸೀಮೆಯವರು ಅಭಿಮಾನದಿಂದ ನೆನೆಯುವರು. 1953ರಲ್ಲಿ ಸಂಸ್ಥಾನಗಳ ಕುದುರೆಪಡೆಗಳೆಲ್ಲ 61ನೆಯ ಅಶ್ವದಳದಲ್ಲಿ ಸೇರಿಹೋದುವು.

ಮಾರವಾಡಿ ಮತ್ತು ಕಾಠಿಯಾವಾಡಿ

ಈ ಎರಡು ಜಾತಿಗಳನ್ನು ಕಿವಿಯಿಂದ ಗುರುತಿಸಬಹುದು. ಕಿವಿಗಳು ಒಳಮುಖವಾಗಿ ಬಾಗಿ ತುದಿಗಳು ಒಂದನ್ನೊಂದು ಮುಟ್ಟುವಂತಿರುವುವು. ಮಾರವಾಡಿಯು ರಾಜಸ್ಥಾನದ ಮರುಭೂಮಿಯ ರಜಪೂತರ ಯುದ್ಧದ ಕುದುರೆ. ಕಾಠಿಯಾವಾಡಿಯು ಸೌರಾಷ್ಟ್ರದ್ದು, ಎತ್ತರದಲ್ಲಿ ಸ್ವಲ್ಪ ಕಡಮೆ, ಸುಮಾರು 58 ಅಂಗುಲ. ಮಾರವಾಡಿಗೆ ರೇವಾಲ್ ಎಂಬ ಸಹಜವಾದ ನಡೆಯುಂಟು. ಅದರಲ್ಲಿ ಸವಾರನಿಗೆ ಕುಲುಕಾಟವಿರುವುದಿಲ್ಲ. ಇಪ್ಪತ್ತನೆಯ ಶತಮಾನದ ನಡುವೆ ಜಹಗೀರುಗಳು ರದ್ದಾದಾಗ ಈ ಕುದುರೆಗಳನ್ನು ಸಾಕುವವರಿಲ್ಲದೆ ಬಹಳವು ಹೇಗೆ ಬೇಕೋ ಹಾಗೆ ಮಾರಿಹೋದುವು. ಅದಕ್ಕೆ ಮೊದಲೇ ಜೋಧಪುರದ ಮಹಾರಾಜ ಉಮೈದ್ ಸಿಂಗರು ಒಳ್ಳೆಯ ಬೀಜದ ಕುದುರೆಗಳನ್ನು ಆರಿಸಿ ಈ ಜಾತಿಯನ್ನು ಕಾಪಾಡಲು ಪ್ರಯತ್ನಿಸಿದ್ದರು. ಈಗ ಇದರ ಬೆಲೆಯು ಬಣ್ಣ, ಎತ್ತರ, ಮೆರವಣಿಗೆಯ ಕುಣಿತಗಳಿಗೆ ಏರಿದೆ. ಮದುವೆ ಉತ್ಸವಗಳಿಗೆ ಕುದುರೆಯನ್ನು ಬಾಡಿಗೆಗೆ ಕೊಡುವವರಿಗೆ ಇದು ಒದಗಬಹುದು. ಅದರ ಬೆಲೆಯನ್ನು ತೋಟದ ಆದಾಯದಿಂದ ತೆತ್ತು ಬಾಗಿಲಲ್ಲಿ ಕಟ್ಟಿಕೊಳ್ಳುವುದು ವಿನೋದವೇ ಹೊರತು ವ್ಯವಸಾಯವಲ್ಲ.

ಭೀಮಾತೀರದ ಕುದುರೆ

ದಖ್ಖಣಕ್ಕೆ ತನ್ನದೇ ಆದ ಕುದುರೆಯಿಲ್ಲವೆಂಬ ಮಾತನ್ನು ಸುಳ್ಳು ಮಾಡುವುದು ಭೀಮಥಡಿ. ಹೆಸರಿನ ಅರ್ಥವನ್ನು ಕನ್ನಡಿಗರಿಗೆ ಬಿಡಿಸಿ ಹೇಳಬೇಕಾದುದಿಲ್ಲ, ಭೀಮಾನದಿಯ ತಡಿಯದು. ಪುಣೆ, ಸೊಲ್ಲಾಪುರ, ಸಾತಾರಾ, ಅಹಮದನಗರಗಳ ಒಣಬಯಲುಗಳಲ್ಲಿ ಇದರ ಮೂಲವಿದೆ. ಅದೇ ನದಿಯು ಕೆಳಗೆ ವಿಜಯಪುರ, ಕಲಬುರಗಿ, ಯಾದಗಿರಿ ಸೀಮೆಗಳನ್ನು ಹಾದು ಕೃಷ್ಣೆಯನ್ನು ಸೇರುವುದರಿಂದ ಈ ನಾಡಿಗೂ ಇದು ಹೊರಗಿನದಲ್ಲ. ಸ್ಥಳೀಯ ತಟ್ಟುಗಳಲ್ಲಿ ಅರಬ್ಬಿ ಮತ್ತು ತುರ್ಕಿ ರಕ್ತವು ಬೆರೆತು ಈ ಜಾತಿಯು ಹುಟ್ಟಿತೆಂದು ಹೇಳುವರು. ಎತ್ತರವು ಸುಮಾರು 50 ಅಂಗುಲ; ಮೈ ಚಿಕ್ಕದಾದರೂ ಎಲುಬು ಗಟ್ಟಿ, ಗೊರಸು ಕಲ್ಲಿನಂತಹುದು.

ಮರಾಠರ ಸವಾರರು ದೊಡ್ಡ ಕುದುರೆಗಳ ಮೊಗಲ್ ಸೇನೆಯನ್ನು ದಣಿಸಿದುದು ಇಂತಹ ಚಿಕ್ಕ ಕುದುರೆಗಳಿಂದ. ದೊಡ್ಡ ಕುದುರೆಗೆ ಹಿಂದೆ ಹುರುಳಿಯ ಮೂಟೆಯು ಬರಬೇಕು. ಭೀಮಥಡಿಯು ದಾರಿಯ ಹುಲ್ಲನ್ನು ಮೇದು ಮಾರನೆಯ ದಿನ ಮತ್ತೆ ಹೊರಡುವುದು. ಆ ದಂಡಿನಲ್ಲಿ ಎರಡು ಬಗೆಯ ಸವಾರರಿದ್ದರು. ಸರ್ಕಾರದ ಕುದುರೆಯನ್ನೇರುವವನು ಬಾರ್ಗೀರ; ತನ್ನ ಸ್ವಂತ ಕುದುರೆಯೊಡನೆ ಬಂದು ಅದಕ್ಕೂ ಸೇರಿಸಿ ಸಂಬಳವನ್ನು ಪಡೆಯುವವನು ಸಿಲ್ಲೇದಾರ. ಮೈಸೂರಿನಲ್ಲಿಯೂ ಸಿಲ್ಲೇದಾರ್ ಕುದುರೆಪಡೆಯು ಇದ್ದಿತು. ಹಳ್ಳಿಯ ಹಿಡುವಳಿದಾರನು ಒಂದು ಒಳ್ಳೆಯ ಹೆಣ್ಣುಕುದುರೆಯನ್ನು ಸಾಕಿ, ಅದರ ಮರಿಯ ಮೇಲೆ ಮಗನನ್ನು ಕೂರಿಸಿ ದಂಡಿಗೆ ಕಳುಹಿಸಿದರೆ ಮನೆಗೆ ನಗದು ಆದಾಯವು ಬರುತ್ತಿದ್ದಿತು. ಈ ಜಾತಿಯನ್ನು ಬೆಳೆಸಿದುದು ಅರಸರ ಅಪ್ಪಣೆಯಲ್ಲ, ಈ ಆದಾಯ. 1818ರಲ್ಲಿ ಪೇಶ್ವೆಯ ಆಳ್ವಿಕೆಯು ಮುಗಿದು ಆ ದಂಡು ಚೆದರಿದ ಮೇಲೆ ಹೆಣ್ಣುಕುದುರೆಯನ್ನು ಸಾಕುವುದರಿಂದ ಲಾಭವಿಲ್ಲವಾಯಿತು. ಒಳ್ಳೆಯ ಮರಿಗಳನ್ನು ಆರಿಸುವವರೂ ಇಲ್ಲವಾದರು. ಕುದುರೆಯು ಕುಗ್ಗುತ್ತ ಬಂದು ಅದನ್ನು ಬರಿಯ ತಟ್ಟೆಂದು ಕರೆಯುವ ಸ್ಥಿತಿಗಿಳಿಯಿತು.

ಪೂರ್ತಿ ಅಳಿಯದೆ ಉಳಿದುದು ಕುರಿಗಾರರ ಕೈಯಲ್ಲಿ. ಧನಗರರೂ ಬೆಳಗಾವಿ ಮೊದಲಾದ ಕಡೆಯ ಕುರುಬರೂ ಮಳೆಗಾಲ ಮುಗಿದ ಮೇಲೆ ಕುರಿಹಿಂಡನ್ನು ಹೊಡೆದುಕೊಂಡು ಊರಿಂದೂರಿಗೆ ಹೋಗುವಾಗ ಗುಡಾರ, ಪಾತ್ರೆಪದಾರ್ಥ, ಬಲೆ, ಕೋಳಿಗಳು, ಆಗತಾನೇ ಹುಟ್ಟಿದ ಕುರಿಮರಿಗಳು, ಕೆಲವು ವೇಳೆ ಚಿಕ್ಕ ಮಕ್ಕಳು ಕೂಡ ಈ ಕುದುರೆಗಳ ಬೆನ್ನಿನ ಮೇಲೆ ಸಾಗುವುವು. ಗಾಡಿಯು ಹೋಗದ ಕಲ್ಲುದಾರಿಯಲ್ಲಿ, ಕೊಯಿಲಾದ ಹೊಲಗಳ ನಡುವೆ, ಹಿಂಡಿನೊಡನೆಯೇ ಮೇಯುತ್ತ ನಡೆಯುವ ಬೇರೆ ವಾಹನವು ಅವರಿಗೆ ದೊರೆಯದು. ಹೊಲದಲ್ಲಿ ಹಿಂಡನ್ನು ತರುಬಿಸಿ ಗೊಬ್ಬರವನ್ನು ಪಡೆಯುವ ರೈತನಿಗೂ ಹೀಗೆ ಈ ಕುದುರೆಯಿಂದ ಉಪಕಾರವಾಗುತ್ತಿದೆ. ಅದನ್ನು ಅವನು ಲೆಕ್ಕಕ್ಕೆ ಹಿಡಿದಿರುವುದು ಅಪೂರ್ವ. 2023–24ರಲ್ಲಿ ಕರ್ನಾಲಿನಲ್ಲಿರುವ ರಾಷ್ಟ್ರೀಯ ಸಂಸ್ಥೆಯು ಭೀಮಥಡಿಯನ್ನು ಪ್ರತ್ಯೇಕ ಜಾತಿಯೆಂದು ನೋಂದಾಯಿಸಿತು. ಎರಡು ಶತಮಾನಗಳ ಕಾಲ ಕುರಿಗಾರರು ಯಾವ ಸಹಾಯವೂ ಇಲ್ಲದೆ ಕಾಪಾಡಿದುದಕ್ಕೆ ಇದು ತಡವಾಗಿ ಬಂದ ಮನ್ನಣೆ.

ಬೆಟ್ಟದ ತಟ್ಟುಗಳು ಮತ್ತು ಹೇಸರಗತ್ತೆ

ಹಿಮಾಲಯದ ಸ್ಪಿತಿ, ಜನ್ಸ್ಕಾರ್, ಭೂಟಿಯಾ ತಟ್ಟುಗಳು ಚಳಿಯಲ್ಲಿಯೂ ತೆಳುವಾದ ಗಾಳಿಯಲ್ಲಿಯೂ ಹೊರೆ ಹೊರಲು ಹುಟ್ಟಿದುವು. ಈ ಕಡೆಗೆ ತರತಕ್ಕವಲ್ಲ. ಮಣಿಪುರದ ತಟ್ಟು 44ರಿಂದ 52 ಅಂಗುಲದ್ದು. ಅದರ ಮೇಲೆ ಕುಳಿತು ಮಣಿಪುರದವರು ಆಡುತ್ತಿದ್ದ ಚೆಂಡಾಟವನ್ನು ನೋಡಿ ಕಲಿತು ಇಂಗ್ಲಿಷಿನವರು ಪೋಲೋ ಆಟವನ್ನು ಲೋಕಕ್ಕೆಲ್ಲ ಹರಡಿದರು. ಗಂಡುಕತ್ತೆಗೂ ಹೆಣ್ಣುಕುದುರೆಗೂ ಹುಟ್ಟುವ ಹೇಸರಗತ್ತೆಯು ತಾಯಿಯ ಬಲವನ್ನೂ ತಂದೆಯ ಸಹನೆಯನ್ನೂ ಪಡೆದು ಬೆಟ್ಟದ ದಾರಿಯಲ್ಲಿ ಹೊರೆಗೆ ಎರಡನ್ನೂ ಮೀರಿಸುವುದು. ಆದರೆ ಅದಕ್ಕೆ ಸಂತತಿಯಾಗದು.

ನೇಗಿಲಿಗೆ ಕುದುರೆಯನ್ನೇಕೆ ಕಟ್ಟಲಿಲ್ಲ

ಯೂರೋಪಿನ ಚಿತ್ರಗಳಲ್ಲಿ ಕುದುರೆಯು ನೇಗಿಲನ್ನೆಳೆಯುವುದನ್ನು ಕಂಡವರು ಈ ಪ್ರಶ್ನೆಯನ್ನು ಕೇಳುವುದುಂಟು. ಅಲ್ಲಿಯೂ ಮೊದಲು ಎತ್ತೇ ಉಳುತ್ತಿದ್ದಿತು. ಎತ್ತಿನ ನೊಗವು ಇಣಿಯ ಮುಂದೆ ಕುಳಿತು ಭಾರವನ್ನು ತೆಗೆದುಕೊಳ್ಳುವುದು. ಕುದುರೆಗೆ ಇಣಿಯಿಲ್ಲ, ನೊಗವನ್ನೋ ಕತ್ತುಪಟ್ಟಿಯನ್ನೋ ಕಟ್ಟಿದರೆ ಅದು ಜಾರಿ ಗಂಟಲನ್ನೊತ್ತುವುದು. ಹೆಗಲ ಮೇಲೆ ಸುತ್ತಲೂ ಕೂರುವ ಮೆತ್ತೆಯ ಪಟ್ಟವು ಮಧ್ಯಯುಗದಲ್ಲಿ ಬಳಕೆಗೆ ಬಂದ ಮೇಲೆಯೇ ಕುದುರೆಯು ತನ್ನ ಪೂರ್ಣ ಬಲದಿಂದ ಎಳೆಯುವಂತಾಯಿತು. ಎತ್ತಿಗಿಂತ ಸುಮಾರು ಒಂದೂವರೆ ಪಟ್ಟು ಬೇಗನೆ ಕೆಲಸವನ್ನು ಮುಗಿಸುವ ಗುಣವು ಅಲ್ಲಿನ ಚಿಕ್ಕ ಬೇಸಾಯದ ಋತುವಿಗೆ ಒದಗಿತು. ಓಟ್ಸ್ ಎಂಬ ಧಾನ್ಯವು ಅದರ ಆಹಾರಕ್ಕೆ ಹೊಲದಲ್ಲಿಯೇ ಬೆಳೆಯಿತು. ಹೀಗೆ ಬೆಳೆದು ಬಂದುವೇ ಇಂಗ್ಲೆಂಡಿನ ಶೈರ್, ಫ್ರಾನ್ಸಿನ ಪೆರ್ಶೆರಾನ್ ಮೊದಲಾದ ಒಂದು ಟನ್ ತೂಕದವರೆಗೆ ಮುಟ್ಟುವ ಭಾರಿ ಕುದುರೆಗಳು. ಇಲ್ಲಿ ಬತ್ತದ ಹುಲ್ಲನ್ನೂ ರಾಗಿಯ ಹುಲ್ಲನ್ನೂ ಮೆದ್ದು ಮೆಲುಕು ಹಾಕಿ ಅರಗಿಸಿಕೊಳ್ಳುವ ಎತ್ತಿರುವಾಗ, ಮನುಷ್ಯರು ತಿನ್ನುವ ಕಾಳಿನಲ್ಲಿ ಪಾಲು ಕೇಳುವ ಕುದುರೆಯನ್ನು ರೈತನು ಬಿಟ್ಟುದು ಸರಿಯಾದ ಲೆಕ್ಕವೇ ಆಗಿದ್ದಿತು.

ಹಿಂದೆ ಪಟೇಲರು, ಶಾನುಭೋಗರು, ಅಮಲ್ದಾರರು ಗ್ರಾಮಸಂಚಾರಕ್ಕೆ ತಟ್ಟನ್ನಿಟ್ಟುಕೊಳ್ಳುತ್ತಿದ್ದರು. ಪಟ್ಟಣಗಳಲ್ಲಿ ಜಟಕಾಗಳಿದ್ದುವು, ಮೈಸೂರಿನಲ್ಲಿ ಟಾಂಗಾಗಳು ಈಗಲೂ ಕೆಲವು ಉಂಟು. ದಸರಾ ಮೆರವಣಿಗೆಗೆ ಪೋಲೀಸಿನ ಅಶ್ವದಳವಿದೆ. ಉಳಿದಂತೆ ಹಳ್ಳಿಗೆ ಬರುವ ಕುದುರೆಯು ಜಾತ್ರೆ, ಮದುವೆ, ಗಾಡಿಯ ಓಟದ ಪಂದ್ಯ, ಕುರಿಗಾರಿಕೆ ಇವುಗಳಿಗಾಗಿ ಬರುವುದು.

ಕೊಳ್ಳುವಾಗ ನೋಡತಕ್ಕ ವಿಷಯಗಳು

ಮೈದಾನದಲ್ಲಿ ಓಡಿ ಮುಗಿದ ಥರೊಬ್ರೆಡ್ಡುಗಳು ಅಲ್ಪ ಬೆಲೆಗೆ ಹಳ್ಳಿಗಳಿಗೆ ಬರುವುದುಂಟು. ಎತ್ತರವಾದ, ಮಿರುಗುವ ಮೈಯ ಕುದುರೆಯು ತಟ್ಟಿನ ಬೆಲೆಗೆ ದೊರೆತರೆ ಮನಸ್ಸು ಸೋಲುವುದು ಸಹಜ. ಆದರೆ ಇದರ ವಯಸ್ಸು ಎರಡು ವರ್ಷವಾದಾಗಲೇ ಓಟಕ್ಕೆ ಹೂಡಿರುವರು. ಮುಂಗಾಲಿನಲ್ಲಿ ಮೊಣಕಾಲಿನ ಕೆಳಗೆ ಹಿಂಬದಿಯಲ್ಲಿರುವ ಹುರಿಯಂತಹ ನರವು ಕೆಟ್ಟ ಮೇಲೆಯೇ ಬಹಳ ಕುದುರೆಗಳನ್ನು ಮಾರುವರು. ಮತ್ತೊಂದು ಲೆಕ್ಕವೂ ಉಂಟು. ಕುದುರೆಗೆ ದಿನಕ್ಕೆ ತನ್ನ ತೂಕದ ನೂರರಲ್ಲಿ ಎರಡು ಪಾಲಿನಷ್ಟು ಒಣಮೇವು ಬೇಕು. 200 ಕಿಲೋಗ್ರಾಮಿನ ತಟ್ಟಿಗೆ 4 ಕಿಲೋಗ್ರಾಮಾದರೆ 500ರ ಓಟದ ಕುದುರೆಗೆ 10. ಅದೂ ತಟ್ಟು ತಿನ್ನುವಂತಹ ಹುಲ್ಲಾದರೆ ಸಾಲದು. ಕೊಂಡ ಹಣವು ಮೊದಲ ವರ್ಷದ ಮೇವಿನ ಮುಂದೆ ಏನೂ ಅಲ್ಲವೆಂಬುದು ತಿಳಿದಾಗ ಇಂತಹ ಪ್ರಾಣಿಯನ್ನು ರಸ್ತೆಗೆ ಬಿಟ್ಟವರೂ ಉಂಟು. ಅದಕ್ಕೆ ಸಲಹಲು ಶಕ್ತಿಯಿಲ್ಲದವರು ಕೊಳ್ಳದಿರುವುದೇ ದಯೆ.

ಸುಳಿಗಳ ಶಾಸ್ತ್ರವು ಹಳೆಯದು. ದೇವಮಣಿ ಶುಭವೆಂದೂ ಪಂಚಕಲ್ಯಾಣಿ ಮೆರವಣಿಗೆಗೆ ಶ್ರೇಷ್ಠವೆಂದೂ ಹೇಳುವರು. ನಂಬುವವನು ನಂಬಲಿ, ಮಾರುವಾಗಲೂ ಅದರಿಂದ ಬೆಲೆ ಬರುವುದು. ಆದರೆ ಮೊದಲು ಗೊರಸನ್ನೆತ್ತಿ ನೋಡತಕ್ಕದ್ದು. ಬಿರುಕಿರಬಾರದು, ದುರ್ವಾಸನೆಯಿರಬಾರದು. ಆಮೇಲೆ ಕಾಲಿನ ನರದ ಉದ್ದಕ್ಕೂ ಕೈಯಾಡಿಸಿ ಬಿಸಿಯಾಗಲಿ ದಪ್ಪವಾಗಲಿ ಇದೆಯೇ ಎಂದು ಎರಡು ಕಾಲುಗಳನ್ನೂ ಹೋಲಿಸಬೇಕು. ಹಗ್ಗವನ್ನು ಸಡಿಲವಾಗಿ ಹಿಡಿದು ಗಟ್ಟಿ ನೆಲದ ಮೇಲೆ ಕುಕ್ಕುಲೋಟದಲ್ಲಿ ಓಡಿಸಿದರೆ, ನೋವಿರುವ ಮುಂಗಾಲು ನೆಲಕ್ಕೆ ತಗುಲಿದಾಗ ಕುದುರೆಯು ತಲೆಯನ್ನು ಮೇಲಕ್ಕೆತ್ತುವುದು. ಹಗ್ಗವನ್ನು ಬಿಗಿಹಿಡಿದು ಓಡಿಸಿ ತೋರಿಸುವವನಲ್ಲಿ ಸಂಶಯಪಡಬಹುದು. ವಯಸ್ಸಿಗೆ ಹಲ್ಲೇ ಸಾಕ್ಷಿ: ಎರಡೂವರೆ ವರ್ಷಕ್ಕೆ ನಡುವಿನ ಜೋಡಿ, ಮೂರೂವರೆಗೆ ಪಕ್ಕದ ಜೋಡಿ, ನಾಲ್ಕೂವರೆಗೆ ಕೊನೆಯ ಜೋಡಿ ಹಾಲುಹಲ್ಲುಗಳು ಬಿದ್ದು ಹೊಸವು ಬರುವುವು, ಐದಕ್ಕೆ ಬಾಯಿಗೂಡುವುದು.

ಕುದುರೆಯ ಜಠರವು ಚಿಕ್ಕದು; ಅದು ಮೆಲುಕು ಹಾಕದು, ವಾಂತಿಯನ್ನೂ ಮಾಡಲಾರದು. ಆದುದರಿಂದ ಎತ್ತಿಗೆ ಹಾಕುವಂತೆ ಒಂದೇ ಸಲ ರಾಶಿ ಹಾಕತಕ್ಕದ್ದಲ್ಲ; ಸ್ವಲ್ಪಸ್ವಲ್ಪವಾಗಿ ಹಲವು ಸಲ ಹಾಕತಕ್ಕದ್ದು. ಹುರುಳಿಯನ್ನು ಬೇಯಿಸಿ ಕೊಡುವ ಪದ್ಧತಿಯು ಒಳ್ಳೆಯದು. ನೀರನ್ನು ಕಾಳಿಗೆ ಮೊದಲು ಕುಡಿಸುವುದು ಮೇಲು. ಹೊಟ್ಟೆನೋವಿನಿಂದ ಹೊರಳಾಡುವ ಕುದುರೆಗೆ ಮನೆಮದ್ದಿನಲ್ಲಿ ಕಾಲವನ್ನು ಕಳೆಯದೆ ಪಶುವೈದ್ಯರನ್ನು ಕರೆಯಿಸಬೇಕು. ಸಣ್ಣ ಗಾಯದಿಂದಲೂ ಧನುರ್ವಾಯು ಬರುವ ಪ್ರಾಣಿಯಾದುದರಿಂದ ಅದರ ಚುಚ್ಚುಮದ್ದನ್ನು ತಪ್ಪಿಸಬಾರದು.

ಮೂಗಿನಿಂದ ಅಂಟಾದ ಸುರಿತ, ಹೊಳ್ಳೆಯೊಳಗೆ ಹುಣ್ಣು, ಕಾಲಿನ ಮೇಲೆ ಗಂಟುಗಳು ಕಂಡರೆ ಗ್ಲಾಂಡರ್ಸ್ ರೋಗವಿರಬಹುದು. ಇದು ಮನುಷ್ಯರಿಗೂ ಅಂಟುವುದು, ಕುದುರೆಯಲ್ಲಿ ಇದಕ್ಕೆ ಚಿಕಿತ್ಸೆ ನಡೆಸುವಂತಿಲ್ಲ. 2009ರ ಸಾಂಕ್ರಾಮಿಕ ಪಶುರೋಗಗಳ ಕಾನೂನಿನಂತೆ ಸಂಶಯ ಬಂದೊಡನೆ ತಿಳಿಸುವುದು ಕಡ್ಡಾಯ. ಹಣವನ್ನು ಕೊಡುವುದಕ್ಕೆ ಮೊದಲು ರಕ್ತಪರೀಕ್ಷೆಯಾದ ಬಗ್ಗೆ ಪಶುವೈದ್ಯರ ಪತ್ರವನ್ನು ಕೇಳತಕ್ಕದ್ದು; ಜಾತ್ರೆಗೆ ಕುದುರೆಗಳು ಸೇರುವ ಊರುಗಳ ಮುಖಂಡರು ಈ ವಿಷಯದಲ್ಲಿ ದಾಕ್ಷಿಣ್ಯ ತೋರಬಾರದು.

ಭೀಮಥಡಿ ಹೆಣ್ಣುಕುದುರೆಯನ್ನಿಟ್ಟಿರುವವರು ಎತ್ತರದ ಆಸೆಯಿಂದ ಅದನ್ನು ಓಟದ ಗಂಡುಕುದುರೆಗೆ ಕೊಡಿಸುವುದುಂಟು. ಹುಟ್ಟುವ ಮರಿಯು ದೊಡ್ಡದಾಗಿ ಕಂಡರೂ ಕಲ್ಲುನೆಲದ ಗೊರಸನ್ನೂ ಬರಿಯ ಹುಲ್ಲಿನಲ್ಲಿ ಬದುಕುವ ಗುಣವನ್ನೂ ಕಳೆದುಕೊಳ್ಳಬಹುದು. ಕುರಿಹಿಂಡಿನೊಡನೆ ನಡೆಯಲಾರದು, ಮೈದಾನದಲ್ಲಿ ಓಡಲೂ ಆರದು. ಅದೇ ಜಾತಿಯ, ಕಾಲು ಗೊರಸುಗಳು ಗಟ್ಟಿಯಾದ ಬೀಜದ ಕುದುರೆಯನ್ನೇ ಹುಡುಕಬೇಕು. ಗರ್ಭವು ಹನ್ನೊಂದು ತಿಂಗಳು, ಹುಟ್ಟುವುದು ಒಂದೇ ಮರಿ. ಆ ಮರಿಗೆ ನಾಲ್ಕು ವರ್ಷ ತುಂಬುವವರೆಗೆ ಅದರ ಬೆನ್ನಿನ ಮೇಲೆ ಪೂರ್ಣ ಹೊರೆಯನ್ನಿಡತಕ್ಕದ್ದಲ್ಲ.